ಟ್ರ್ಯಾಕ್ಟರ್ ಎಷ್ಟು ಭಾರ ಎಳೆಯಬಹುದು?

ಗಾಡಿಗೆ ಭಾರ ಜಾಸ್ತಿಯಾದರೆ ಎತ್ತುಗಳು ಏರಿನಲ್ಲಿ ನಿಂತುಬಿಡುತ್ತವೆ. ಟ್ರ್ಯಾಕ್ಟರ್ ಹಾಗಲ್ಲ, ಹೊಗೆ ಬಿಟ್ಟುಕೊಂಡಾದರೂ ಎಳೆಯುತ್ತದೆ. ಅದಕ್ಕೇ "ಎಳೀತದಲ್ಲ, ಇನ್ನೊಂದಿಷ್ಟು ಹಾಕು" ಅಂತಾರೆ. ಆದರೆ ಎಳೆಯುವ ಶಕ್ತಿ ಬೇರೆ, ನಿಲ್ಲಿಸುವ ಶಕ್ತಿ ಬೇರೆ.

ಮಿತಿ ಎಲ್ಲಿ ಬರೆದಿರುತ್ತದೆ?

ಟ್ರ್ಯಾಕ್ಟರಿಗೆ ಒಂದು ನಂಬರು, ಟ್ರೇಲರಿಗೆ ಇನ್ನೊಂದು ನಂಬರು ಇರುತ್ತದೆ. ಎರಡಕ್ಕೂ ಬೇರೆ ಬೇರೆ ಆರ್.ಸಿ. ನಮ್ಮ ಚಿಕ್ಕಪ್ಪನನ್ನು ಕೇಳಿ ಟ್ರೇಲರಿನ ಆರ್.ಸಿ. ನೋಡಿದೆ. ಅದರಲ್ಲಿ ಎರಡು ತೂಕಗಳಿದ್ದವು.

1. ಖಾಲಿ ತೂಕ: ಸರಕು ಇಲ್ಲದ ಬರೀ ಟ್ರೇಲರಿನ ತೂಕ.
2. ಒಟ್ಟು ತೂಕ: ಟ್ರೇಲರ್ ಮತ್ತು ಸರಕು ಸೇರಿ ಇದನ್ನು ಮೀರಬಾರದು.

ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದೇ ಸರಕಿನ ಮಿತಿ. ಟ್ರ್ಯಾಕ್ಟರ್ ಕಂಪನಿಯ ಪುಸ್ತಕದಲ್ಲಿ ಎಳೆಯುವ ಭಾರ ಈ ಒಟ್ಟು ತೂಕಕ್ಕಿಂತ ಕಡಿಮೆ ಎಂದಿದ್ದರೆ ಆ ಕಡಿಮೆಯದನ್ನೇ ಒಟ್ಟು ತೂಕವಾಗಿ ಹಿಡಿಯಬೇಕು.

ಒಂದು ಲೆಕ್ಕ

ಒಂದು ಟ್ರೇಲರಿನ ಖಾಲಿ ತೂಕ 1,500 ಕೆ.ಜಿ., ಒಟ್ಟು ತೂಕ 6,000 ಕೆ.ಜಿ. ಎಂದುಕೊಳ್ಳೋಣ. 6,000 - 1,500 = 4,500 ಕೆ.ಜಿ. ಒಂದು ಮೂಟೆ ಭತ್ತ 75 ಕೆ.ಜಿ. ಆದರೆ 60 ಮೂಟೆ ಹಾಕಬಹುದು. 100 ಮೂಟೆ ಹಾಕಿದರೆ ಒಟ್ಟು ತೂಕ 9,000 ಕೆ.ಜಿ. ಅಂದರೆ 3 ಟನ್ ಹೆಚ್ಚು.

ಈಗ ಬ್ರೇಕಿನ ಲೆಕ್ಕ ನೋಡಿ. ಟ್ರ್ಯಾಕ್ಟರಿನ ತೂಕ 2,000 ಕೆ.ಜಿ. ಸೇರಿಸಿದರೆ 60 ಮೂಟೆಗೆ 8,000 ಕೆ.ಜಿ., 100 ಮೂಟೆಗೆ 11,000 ಕೆ.ಜಿ. ಹಳ್ಳಿಯ ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ, ಟ್ರ್ಯಾಕ್ಟರಿನ ಬ್ರೇಕೇ ಎಲ್ಲವನ್ನೂ ತಡೆಯಬೇಕು. ವೇಗವೂ ಬ್ರೇಕಿನ ಬಲವೂ ಅಷ್ಟೇ ಇದ್ದರೆ, ಬ್ರೇಕ್ ಹಿಡಿದ ಮೇಲೆ 8 ಮೀಟರಿಗೆ ನಿಲ್ಲುತ್ತಿದ್ದದ್ದು 11 ಮೀಟರ್ ಹೋಗಿ ನಿಲ್ಲುತ್ತದೆ. ಆ 3 ಮೀಟರ್ ನಮ್ಮ ನಾಲ್ಕೈದು ಹೆಜ್ಜೆ. ರಸ್ತೆ ದಾಟುವವರಿಗೆ ಅಷ್ಟೇ ಸಾಕು. ಇಳಿಜಾರಿನಲ್ಲಂತೂ ಟ್ರೇಲರೇ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಏರಿನಲ್ಲಿ ಮುಂದಿನ ಚಕ್ರ ಮೇಲೇಳಬಹುದು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ತೂಕ ಮೀರಿ ಓಡಿಸಬಾರದು. 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ನಮ್ಮ ಲೆಕ್ಕದ 3 ಟನ್ನಿಗೆ 26,000 ರೂಪಾಯಿ! ಹೆಚ್ಚಿನ ಸರಕನ್ನು ಇಳಿಸುವ ಖರ್ಚೂ ಗಾಡಿಯವರದೇ.

ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವುದರಿಂದ ಹೆಚ್ಚು ತುಂಬುತ್ತಾರೆ. ಒಂದು ಸಲ ಹೋಗುವ ಬದಲು ಎರಡು ಸಲ ಹೋದರೆ ಡೀಸೆಲ್ ಖರ್ಚು ನಿಜ. ಆದರೆ ಜೀವ ಡೀಸೆಲಿಗಿಂತ ದೊಡ್ಡದು.

ನಾವೇನು ಮಾಡಬೇಕು?

ಮನೆಯಲ್ಲಿ ಟ್ರೇಲರ್ ಇದ್ದರೆ ಆರ್.ಸಿ. ನೋಡಿ, ಸರಕಿನ ಮಿತಿಯನ್ನು ಟ್ರೇಲರಿನ ಮೇಲೆ ಬಣ್ಣದಲ್ಲಿ ಬರೆಯಲು ಹೇಳಿ. ಓಡುತ್ತಿರುವ ಟ್ರೇಲರಿನಿಂದ ಕಬ್ಬು ಎಳೆಯಬೇಡಿ, ಹಿಂದೆ ಜೋತು ಬೀಳಬೇಡಿ. ಡ್ರೈವರಿಗೆ ನಾವು ಕಾಣುವುದಿಲ್ಲ, ಕಂಡರೂ ತಕ್ಷಣ ನಿಲ್ಲಿಸಲಾಗುವುದಿಲ್ಲ.

ನಿಮಗೊಂದು ಪ್ರಶ್ನೆ: ಖಾಲಿ ತೂಕ 1,800 ಕೆ.ಜಿ., ಒಟ್ಟು ತೂಕ 7,800 ಕೆ.ಜಿ. ಆದರೆ 50 ಕೆ.ಜಿ.ಯ ಸಿಮೆಂಟ್ ಚೀಲ ಎಷ್ಟು ಹಾಕಬಹುದು?
(ಉತ್ತರ: 120 ಚೀಲ)