ಉಪಾಧ್ಯಾಯರಿಗೆ ಪಾಠ ಹೇಳುವವರು ಯಾರು?



ಹುಡುಗರಿಗೆ ಸಂದೇಹ ಬಂದರೆ ಉಪಾಧ್ಯಾಯರನ್ನು ಕೇಳುತ್ತಾರೆ. ಉಪಾಧ್ಯಾಯರಿಗೇ ಸಂದೇಹ ಬಂದರೆ? ಹಳ್ಳಿಯ ಹೈಸ್ಕೂಲಿನಲ್ಲಿ ಅನೇಕ ವೇಳೆ ಗಣಿತಕ್ಕೆ ಒಬ್ಬರೇ ಮಾಸ್ತರು. ಅವರು ಯಾರನ್ನು ಕೇಳಬೇಕು? ಕೇಳಿದರೆ "ಇವರಿಗೇ ಬಾರದು" ಎಂದಾರೆಂಬ ಸಂಕೋಚ ಬೇರೆ. ಸಂದೇಹ ಹಾಗೆಯೇ ಉಳಿದರೆ ನಷ್ಟವೆಲ್ಲ ಮಕ್ಕಳಿಗೆ.

ಈ ಒಂಟಿತನ ನೀಗಲೆಂದು ಕರ್ನಾಟಕದಲ್ಲಿ 2011ರಲ್ಲಿ ಒಂದು ಏರ್ಪಾಡಾಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ, ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಉಪಾಧ್ಯಾಯರಿಗಾಗಿ 'ವಿಷಯ ಶಿಕ್ಷಕರ ವೇದಿಕೆ'ಯನ್ನು ಆರಂಭಿಸಿದವು. ತರಬೇತಿಯಲ್ಲಿ ಮುಖಪರಿಚಯ, ಕಂಪ್ಯೂಟರಿನ ಅಭ್ಯಾಸ; ಊರಿಗೆ ಮರಳಿದ ಮೇಲೆ ಇ-ಮೇಲಿನಲ್ಲಿ ಮಾತುಕತೆ. ಒಬ್ಬರು ಬರೆದ ಪ್ರಶ್ನೆ ಆ ವಿಷಯದ ಸದಸ್ಯರೆಲ್ಲರಿಗೂ ತಲುಪುತ್ತಿತ್ತು. ಬಲ್ಲವರು ಉತ್ತರ ಬರೆಯುತ್ತಿದ್ದರು.

ಇದರಿಂದೇನು ಲಾಭ? ಒಂದು ಉದಾಹರಣೆ ನೋಡೋಣ. ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನಸಂಖ್ಯೆ ಏಕೆ ಬರುತ್ತದೆ? "ಅದು ನಿಯಮ" ಎಂದರೆ ಹುಡುಗ ಸುಮ್ಮನಾಗುತ್ತಾನೆ, ಆದರೆ ಅರಿಯುವುದಿಲ್ಲ. ನಮ್ಮಂಥ ಗುಮಾಸ್ತರು ಹೀಗೆ ಹೇಳಬಹುದು: ನಮ್ಮ ಹೆಸರಿಗೆ ತಪ್ಪಾಗಿ ಬರೆದ 3 ರೂಪಾಯಿಯ 2 ಸಾಲಗಳನ್ನು ಹೊಡೆದುಹಾಕಿದರೆ, ನಮಗೆ 6 ರೂಪಾಯಿ ಕೂಡಿದಂತೆಯೇ ಆಯಿತು. ಇನ್ನೊಬ್ಬರು ಬೇರೆ ದಾರಿ ತೋರಿಸಬಹುದು: ಋಣ 2ನ್ನು ಕ್ರಮವಾಗಿ 2, 1, 0 ಇವುಗಳಿಂದ ಗುಣಿಸಿದರೆ ಋಣ 4, ಋಣ 2, ಸೊನ್ನೆ, ಪ್ರತಿ ಸಲವೂ 2 ಏರುತ್ತದೆ. ಮುಂದೆ ಋಣ 1ರಿಂದ ಗುಣಿಸಿದರೆ ಧನ 2 ಬರಲೇಬೇಕು. ಎರಡು ದಾರಿ ಬಲ್ಲ ಮಾಸ್ತರು, ಒಂದು ಹಿಡಿಯದ ಹುಡುಗನಿಗೆ ಇನ್ನೊಂದನ್ನು ತೋರಿಸಬಲ್ಲರು.

ಇದು ಯಂತ್ರದ ಮಹಿಮೆಯಷ್ಟೇ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಮೊದಲಾದಾಗ, ಅಲ್ಲಿಯ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ಕಂಡುಬಂದು, ತಾವೇ ಕೂಡಿ ಕುಳಿತು ಕನ್ನಡದ ಕಲಿಕಾ ಕಾರ್ಡುಗಳನ್ನು ಸಿದ್ಧಪಡಿಸಿದರು. ನಾವಿರುವ ಕೇರಳದಲ್ಲಿ 2001ರಲ್ಲಿ 'ಐ.ಟಿ. ಅಟ್ ಸ್ಕೂಲ್' ಯೋಜನೆ ಬಂದಾಗಲೂ ಉಪಾಧ್ಯಾಯರಿಗೆ ಕಂಪ್ಯೂಟರ್ ಕಲಿಸಿದವರು ಅವರ ನಡುವಿನಿಂದಲೇ ಆಯ್ದ ಉಪಾಧ್ಯಾಯರು. 2017ರಲ್ಲಿ ಆ ಯೋಜನೆಯೇ 'ಕೈಟ್' ಸಂಸ್ಥೆಯಾಯಿತು; ಅದರ ಕೇಂದ್ರ ಕಚೇರಿ ತಿರುವನಂತಪುರದಲ್ಲಿದೆ.

ನನ್ನದೇ ಮಾತು ಹೇಳುತ್ತೇನೆ. ಗಿರಣಿಯ ಆಫೀಸಿಗೆ ಸೇರಿದ ಹೊಸದರಲ್ಲಿ, ಗಿರಾಕಿಗಳು ಹಿಂದಿರುಗಿಸಿದ ಸರಕನ್ನು ಖಾತೆಯ ಯಾವ ಬದಿಗೆ ಬರೆಯಬೇಕೆಂದು ನನಗೆ ಗೊತ್ತಿರಲಿಲ್ಲ. ಮೆಟ್ರಿಕ್ ಪಾಸಾದವನು ಕೇಳುವುದೇ ಎಂಬ ಬಿಂಕ. ವರ್ಷದ ಕೊನೆಗೆ ಲೆಕ್ಕ ತಾಳೆಯಾಗದೆ ಮೂರು ರಾತ್ರಿ ಕುಳಿತೆ. ಕೊನೆಗೆ ಪಕ್ಕದ ಮೇಜಿನ ಹಿರಿಯರನ್ನು ಕೇಳಿದೆ. ಅವರಿಗೆ ಅದು ಎರಡು ನಿಮಿಷದ ಮಾತು. "ಮೊದಲೇ ಕೇಳಬಾರದಿತ್ತೇನಪ್ಪಾ?" ಎಂದರು, ಅಷ್ಟೆ.

ಆದ್ದರಿಂದ ಮೂರು ಮಾತು ನೆನಪಿರಲಿ. ತಿಳಿಯದ್ದನ್ನು ನಾಚದೆ ಕೇಳಿ. ಬಂದ ಉತ್ತರವನ್ನು ಪರೀಕ್ಷಿಸದೆ ನಂಬಬೇಡಿ. ಹತ್ತು ಜನ ಹೇಳಿದ ಮಾತ್ರಕ್ಕೆ ತಪ್ಪು ಸರಿಯಾಗದು. ಮಾಡಿ ನೋಡಿದ ಫಲವನ್ನು ಕೇಳಿದವರಿಗೆ ಮರಳಿ ತಿಳಿಸಿ.

ಅಭ್ಯಾಸ: ಈ ವಾರ ನಿಮ್ಮ ಕೆಲಸದಲ್ಲಿ ತಿಳಿಯದೆ ಉಳಿದ ಒಂದು ಪ್ರಶ್ನೆಯನ್ನು ಬರೆಯಿರಿ. ವಾಚನಾಲಯದ ಮೇಜಿನ ಮೇಲೆ, ಪತ್ರಿಕೆಗಳ ಪಕ್ಕದಲ್ಲಿ, ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಎಡಪುಟ ಪ್ರಶ್ನೆಗೆ, ಬಲಪುಟ ಬಲ್ಲವರ ಉತ್ತರಕ್ಕೆ. ಮೊದಲನೆಯ ಪ್ರಶ್ನೆ ನನ್ನದೇ ಇದೆ.