ಕಿಡಿ ತಪ್ಪುವ ಯಂತ್ರ ಮತ್ತು ಕಾರಣಶೋಧನೆಯ ಕ್ರಮ

ಕಾರ್ಯವಿದ್ದಲ್ಲಿ ಕಾರಣವಿರಲೇಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯುಂಟೆಂದು ಅನುಮಾನಿಸುತ್ತಾನೆ. ಈ ಉದಾಹರಣೆಯನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ವಿದ್ಯಾರ್ಥಿಯು ಅದನ್ನು ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಮೀಸಲಿಡುವುದುಂಟು. ಆದರೆ ಅದೇ ಶಾಸ್ತ್ರವು ಕೊಪ್ಪಳದ ರಸ್ತೆಬದಿಯ ಮೋಟಾರು ಸೈಕಲ್ಲಿನ ಗ್ಯಾರೇಜಿನಲ್ಲಿ ದಿನನಿತ್ಯವೂ ಬಳಕೆಯಾಗುತ್ತಿದೆ. ಅಲ್ಲಿ ಅನುಮಾನ ತಪ್ಪಿದರೆ ಅಂಕ ಹೋಗುವುದಿಲ್ಲ, ಬಡವನ ಹಣ ಹೋಗುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರಲ್ಲಿ ಸ್ಥಾಪನೆಗೊಂಡು ಮರುವರ್ಷದಿಂದ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಜೆಕೊಸ್ಲೊವಾಕಿಯ ದೇಶದ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ತಯಾರಿಕೆಯನ್ನು ಕೊಂಡಾಗ, ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಆ ಪದ ಹುಟ್ಟಿತು. 1970ರ ದಶಕದಲ್ಲಿ ಮೈಸೂರಿನ ಯಂತ್ರಗಳು ಯೆಜ್ಡಿ ಎಂಬ ಹೆಸರನ್ನು ಧರಿಸಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಿತಾದರೂ ಆ ಯಂತ್ರವು ನಾಲ್ಕು ಹೊಡೆತದ ಹೊಸ ಜಾತಿಯದು. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದುದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಗಾಡಿಯ ಒಳ್ಳೆಯ ಭಾಗವೊಂದನ್ನು ಕೆಟ್ಟಿತೆಂದು ತಿಳಿದು ಎಸೆದರೆ, ಅಂಥದೇ ಮೂಲಭಾಗ ಮತ್ತೆ ದೊರೆಯುವುದು ದುರ್ಲಭ. ಕಾರಣವನ್ನು ಸರಿಯಾಗಿ ಅರಿಯಬೇಕೆಂಬುದು ಇಲ್ಲಿ ಬರಿಯ ಬೌದ್ಧಿಕ ವಿನೋದವಲ್ಲ.

ಕಿಡಿಯ ಹುಟ್ಟು

ಯಂತ್ರವು ಓಡಲು ಮೂರು ಬೇಕು: ಗಾಳಿ ಮತ್ತು ಪೆಟ್ರೋಲಿನ ಹದವಾದ ಮಿಶ್ರಣ, ಆ ಮಿಶ್ರಣದ ಮೇಲೆ ಸಾಕಷ್ಟು ಒತ್ತಡ, ತಕ್ಕ ಕ್ಷಣದಲ್ಲಿ ತಕ್ಕ ಬಲದ ಕಿಡಿ. ಹಳೆಯ ಜಾವಾ ಎರಡು ಹೊಡೆತದ ಯಂತ್ರವಾದುದರಿಂದ ಚಕ್ರದಂಡದ ಪ್ರತಿಯೊಂದು ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಕಿಡಿಗಳು ಹುಟ್ಟಬೇಕು. ಅವುಗಳಲ್ಲಿ ಕೆಲವು ಹುಟ್ಟದೆ ಹೋದರೆ, ಹುಟ್ಟಿಯೂ ದುರ್ಬಲವಾದರೆ ಯಂತ್ರ ಮುಗ್ಗರಿಸುತ್ತದೆ. ಇದನ್ನೇ ನಮ್ಮ ಸೀಮೆಯ ಸವಾರನು “ಗಾಡಿ ಮಿಸ್ಸಿಂಗ್ ಹೊಡೀತೈತಿ ನೋಡ್ರಿ” ಎಂದು ಮಿಸ್ತ್ರಿಯ ಮುಂದೆ ಹೇಳುತ್ತಾನೆ.

ಆರು ವೋಲ್ಟಿನ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೀಲಿಯನ್ನು ದಾಟಿ, ಕಾಯಿಲಿನ ಮೊದಲ ಸುರುಳಿಯನ್ನು ಹಾದು, ಪಾಯಿಂಟುಗಳ ಮೂಲಕ ಯಂತ್ರದ ಮೈಗೆ ಇಳಿಯುತ್ತದೆ. ಪಾಯಿಂಟುಗಳು ಮುಚ್ಚಿರುವಾಗ ಕಾಯಿಲಿನಲ್ಲಿ ಕಾಂತಶಕ್ತಿ ತುಂಬುತ್ತದೆ. ತಿರುಗುವ ಕ್ಯಾಮು ಅವುಗಳನ್ನು ತೆರೆದೊಡನೆ ಪ್ರವಾಹ ಕಡಿಯುತ್ತದೆ, ಕಾಂತಶಕ್ತಿ ಕುಸಿಯುತ್ತದೆ. ಆ ಕುಸಿತದಿಂದಲೇ ಸಾವಿರಾರು ಸುತ್ತುಗಳುಳ್ಳ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ ಪ್ಲಗ್ಗಿನ ಸಂದಿಯನ್ನು ಕಿಡಿಯಾಗಿ ಜಿಗಿಯುತ್ತವೆ. ಪಾಯಿಂಟುಗಳ ಜೊತೆಗಿರುವ ಕಂಡೆನ್ಸರು ತೆರೆಯುವ ಕ್ಷಣದಲ್ಲಿ ಅಲ್ಲಿಯೇ ಕಿಡಿ ಹಾರದಂತೆ ತಡೆದು, ಪ್ರವಾಹವು ಥಟ್ಟನೆ ನಿಲ್ಲುವಂತೆ ಮಾಡುತ್ತದೆ. ನಿಲುಗಡೆ ಎಷ್ಟು ಹಠಾತ್ತಾದುದೋ ಕಿಡಿ ಅಷ್ಟು ಬಲವಾದುದು.

ದರ್ಶನ, ಸ್ಪರ್ಶನ, ಪ್ರಶ್ನ

ಆಯುರ್ವೇದವು ರೋಗಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳನ್ನು ಹೇಳುತ್ತದೆ. ಯಂತ್ರವು ಬಾಯಿಲ್ಲದ ರೋಗಿಯಾದುದರಿಂದ ಪ್ರಶ್ನೆಯನ್ನು ಸವಾರನಿಗೆ ಹಾಕಬೇಕು. ದೋಷ ಕಾಣುವುದು ತಣ್ಣಗಿರುವಾಗಲೋ ಕಾದ ಮೇಲೋ? ಏರಿನಲ್ಲಿಯೋ ಸಮನೆಲದಲ್ಲಿಯೋ? ಮಳೆಯಲ್ಲಿ ಹೆಚ್ಚುವುದೋ? ರಾತ್ರಿ ದೀಪ ಹಾಕಿದೊಡನೆ ತೊಡಗುವುದೋ? ಈ ನಾಲ್ಕಕ್ಕೆ ಉತ್ತರ ದೊರೆತರೆ ಸ್ಪ್ಯಾನರು ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದಂತೆ. ದೀಪ ಹಾಕಿದಾಗ ಮಾತ್ರ ಮುಗ್ಗರಿಸಿದರೆ ಬ್ಯಾಟರಿ, ಡೈನಮೋ, ಜೋಡಣೆಗಳ ಕಡೆಗೆ ದೃಷ್ಟಿ ಹರಿಯಬೇಕು. ಆರು ವೋಲ್ಟಿನ ಗಾಡಿಯಲ್ಲಿ ತುಕ್ಕು ಹಿಡಿದ ಜೋಡಣೆಯೊಂದು ಒಂದು ವೋಲ್ಟನ್ನು ನುಂಗಿದರೆ ಬಲದ ಆರನೆಯ ಒಂದು ಪಾಲೇ ಹೋಯಿತು. ಹನ್ನೆರಡು ವೋಲ್ಟಿನದರಲ್ಲಿ ಅಷ್ಟೇ ನಷ್ಟವು ಹನ್ನೆರಡನೆಯ ಒಂದು ಪಾಲು ಮಾತ್ರ. ಮಳೆಯಲ್ಲಿ ಹೆಚ್ಚಿದರೆ ಪ್ಲಗ್ಗಿನ ದಪ್ಪ ತಂತಿಯನ್ನೂ ಟೊಪ್ಪಿಗೆಯನ್ನೂ ಶಂಕಿಸಬೇಕು. ಬಿರುಕು ಬಿಟ್ಟ ತಂತಿಯಿಂದ ಸೋರುವ ನೀಲಿ ಕಿಡಿಗಳು ಕತ್ತಲೆಯಲ್ಲಿ ಕಣ್ಣಿಗೆ ಕಾಣುತ್ತವೆ.

ಎಲ್ಲ ಮುಗ್ಗರಿಕೆಯೂ ಕಿಡಿಯ ದೋಷವಲ್ಲ. ಪೆಟ್ರೋಲು ಸಾಲದೆ ಬಂದ ದೋಷ ಸಾಮಾನ್ಯವಾಗಿ ಮೆಲ್ಲನೆ ಉಸಿರುಗಟ್ಟಿದಂತೆ ತೋರುತ್ತದೆ. ಕಿಡಿಯ ದೋಷ ಕತ್ತರಿಸಿದಂತೆ ಥಟ್ಟನೆ ತೋರುತ್ತದೆ. ಎರಡು ಹೊಡೆತದ ಯಂತ್ರಕ್ಕೆ ಪೆಟ್ರೋಲು ಅತಿಯಾದಾಗ, ಹಿಂದಿನ ಸುತ್ತಿನ ಹೊಗೆ ಪೂರ್ತಿಯಾಗಿ ತೊಲಗದೆ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುವುದುಂಟು. ಕಿಡಿ ಹುಟ್ಟಿದರೂ ಹೊತ್ತಿಕೊಳ್ಳದ ಈ ಸ್ಥಿತಿಗೆ ಮದ್ದು ಕಾರ್ಬುರೇಟರಿನಲ್ಲಿದೆ, ಕಾಯಿಲಿನಲ್ಲಿಲ್ಲ. ಕ್ರ್ಯಾಂಕಿನ ಸೀಲು ಸವೆದು ಹೊರಗಾಳಿ ಒಳನುಗ್ಗಿದರೂ ಯಂತ್ರ ತಾಳ ತಪ್ಪುತ್ತದೆ.

ಪರೀಕ್ಷೆಯ ಕ್ರಮ

ಸುಲಭವಾದುದು ಮೊದಲು, ಕಠಿನವಾದುದು ಕೊನೆಗೆ ಎಂಬುದು ಕ್ರಮ. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಯಂತ್ರದ ಹೊಟ್ಟೆಯ ಸ್ಥಿತಿ ತಿಳಿಯುತ್ತದೆ. ತುದಿಯು ಇಟ್ಟಿಗೆಯ ಅಥವಾ ಕಾಫಿಯ ಬಣ್ಣದಲ್ಲಿದ್ದರೆ ಕ್ಷೇಮ. ಕರಿಮಸಿಯೂ ಎಣ್ಣೆಯೂ ಮೆತ್ತಿದ್ದರೆ ಪೆಟ್ರೋಲು ಇಲ್ಲವೆ ಎಣ್ಣೆ ಹೆಚ್ಚಾಗಿದೆ, ಅಥವಾ ಕಿಡಿ ದುರ್ಬಲವಾಗಿದೆ. ಬಿಳಿಚಿಕೊಂಡಿದ್ದರೆ ಮಿತಿಮೀರಿ ಕಾದಿದೆ. ಎರಡು ತುದಿಗಳ ನಡುವೆ ಕೂದಲೆಳೆಯಂಥ ಕಿಟ್ಟ ಸೇತುವೆ ಕಟ್ಟಿದ್ದರೆ ವಿದ್ಯುತ್ತು ಜಿಗಿಯದೆ ಅದರ ಮೇಲೆಯೇ ಹರಿದುಹೋಗುತ್ತದೆ. ಸಂದಿಯು ಸುಮಾರು 0.6 ಮಿಲಿಮೀಟರ್ ಇರಬೇಕು.

ಬಳಿಕ ಪ್ಲಗ್ಗಿನ ಲೋಹದ ಮೈಯನ್ನು ಯಂತ್ರದ ತಲೆಗೆ ತಾಗಿಸಿಟ್ಟು ಕಿಕ್ ಹೊಡೆದು ಕಿಡಿಯನ್ನು ನೋಡುವುದು ವಾಡಿಕೆ. ಪ್ಲಗ್ಗಿನ ರಂಧ್ರದಿಂದ ಪೆಟ್ರೋಲಿನ ಆವಿ ಹೊರಚಿಮ್ಮುವುದರಿಂದ ಕಿಡಿಯನ್ನು ಅದರಿಂದ ದೂರದಲ್ಲಿಡಬೇಕು, ತೆರೆದ ಪೆಟ್ರೋಲು ಹತ್ತಿರವಿರಕೂಡದು. ನೀಲಿಯಾಗಿ ಚಟಚಟಿಸುವ ಕಿಡಿ ಬಲವಾದುದು, ಹಳದಿಯಾಗಿ ತೆಳ್ಳಗಿರುವುದು ದುರ್ಬಲವಾದುದು. ಆದರೆ ಹೊರಗಾಳಿಯಲ್ಲಿ ಜಿಗಿದ ಕಿಡಿಯು ಒಳಗಿನ ಒತ್ತಡದಲ್ಲಿಯೂ ಜಿಗಿಯುವುದೆಂದು ನಂಬಬಾರದು. ಒತ್ತಡ ಹೆಚ್ಚಿದಂತೆ ಜಿಗಿಯಲು ಬೇಕಾದ ವೋಲ್ಟುಗಳೂ ಹೆಚ್ಚುತ್ತವೆ. ಹೊರಗೆ ಗಂಡುಗಲಿಯಾಗಿ ತೋರಿದ ಪ್ಲಗ್ಗು ಒಳಗೆ ಸೋಲುವುದುಂಟು.

ಮೂರನೆಯದು ಪಾಯಿಂಟುಗಳ ಪರೀಕ್ಷೆ. ಪೂರ್ತಿಯಾಗಿ ತೆರೆದಾಗ ಅಂತರವು ಸುಮಾರು 0.4 ಮಿಲಿಮೀಟರ್ ಇರಬೇಕು. ಅದನ್ನು ಫೀಲರ್ ಗೇಜಿನಿಂದ ಅಳೆಯಬೇಕು, ಕಣ್ಣಳತೆ ಸಾಲದು. ಕ್ಯಾಮಿಗೆ ತಾಗುವ ಹಿಮ್ಮಡಿ ಸವೆದಂತೆ ಅಂತರ ಕುಗ್ಗಿ, ಕಿಡಿಯು ಹೊತ್ತು ಮೀರಿ ಹುಟ್ಟುತ್ತದೆ. ಪಾಯಿಂಟುಗಳ ಮುಖ ಸುಟ್ಟು ಗುಳಿಬಿದ್ದಿದ್ದರೆ, ತೆರೆಯುವಾಗ ಅಲ್ಲಿಯೇ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರಿನ ಮೇಲೆ ಸಂಶಯ ತಾಳಬೇಕು. ಸಣ್ಣ ಬಲ್ಬೊಂದರ ಒಂದು ತಂತಿಯನ್ನು ಪಾಯಿಂಟಿನ ತಂತಿಗೂ ಇನ್ನೊಂದನ್ನು ಯಂತ್ರದ ಮೈಗೂ ತಾಗಿಸಿದರೆ, ಪಾಯಿಂಟು ತೆರೆದಾಗ ಬಲ್ಬು ಹೊತ್ತಬೇಕು, ಮುಚ್ಚಿದಾಗ ಆರಬೇಕು. ತೆರೆದಾಗಲೂ ಹೊತ್ತದಿದ್ದರೆ ವಿದ್ಯುತ್ತು ಅಲ್ಲಿಯವರೆಗೆ ಬಂದಿಲ್ಲ, ಇಲ್ಲವೆ ಕಂಡೆನ್ಸರಿನಲ್ಲಿಯೋ ನಿರೋಧಕದಲ್ಲಿಯೋ ಸೋರಿಹೋಗುತ್ತಿದೆ. ಪರೀಕ್ಷೆ ಮುಗಿದೊಡನೆ ಕೀಲಿಯನ್ನು ತಿರುಗಿಸಿ ಆರಿಸಬೇಕು. ಪಾಯಿಂಟು ಮುಚ್ಚಿದ ಸ್ಥಿತಿಯಲ್ಲಿ ಕೀಲಿ ಹಾಗೆಯೇ ಉಳಿದರೆ ಕಾಯಿಲು ಕಾಯುತ್ತದೆ, ಬ್ಯಾಟರಿ ಬರಿದಾಗುತ್ತದೆ.

ಕಾಕತಾಲೀಯ

ಇನ್ನು ಅನೇಕರು ಎಡವುವ ಸ್ಥಳ. ಕುಷ್ಟಗಿಯ ಕಡೆಯ ರೈತನೊಬ್ಬನು ಬೇಸಿಗೆಯ ಮಧ್ಯಾಹ್ನ ಹಳೆಯ ಜಾವಾ ಏರಿ ಕೊಪ್ಪಳದ ದಾರಿ ಹಿಡಿದನೆಂದು ಭಾವಿಸಬಹುದು. ಅರ್ಧ ಗಂಟೆ ಯಂತ್ರ ಸೊಗಸಾಗಿ ಓಡಿತು. ಅನಂತರ ಮುಗ್ಗರಿಸಿ ನಿಂತಿತು. ಅವನು ಬೇವಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಹಳೆಯ ಪ್ಲಗ್ಗನ್ನು ತೆಗೆದು ಚೀಲದಲ್ಲಿದ್ದ ಹೊಸದನ್ನು ಹಾಕಿದನು. ಯಂತ್ರ ಓಡಿತು. ಪ್ಲಗ್ಗೇ ಕೆಟ್ಟಿತ್ತೆಂದು ನಿಶ್ಚಯಿಸಿ ಹಳೆಯದನ್ನು ಹೊಲಕ್ಕೆಸೆದನು. ಮುಂದೆ ಹತ್ತು ನಿಮಿಷದಲ್ಲಿ ಯಂತ್ರ ಮತ್ತೆ ನಿಂತಿತು. ಈಗ ಹೊಸ ಪ್ಲಗ್ಗೂ ಕೆಟ್ಟಿತೆಂದು ಅಂಗಡಿಯವನನ್ನು ಬೈದನು. ಕೊನೆಗೆ ಯಾರೋ ಯಂತ್ರದ ಬೋರು ಹೋಗಿದೆಯೆಂದು ಹೇಳಲು, ಬೆಳೆಯ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಸುರಿದನು. ದೋಷ ಹಾಗೆಯೇ ಉಳಿಯಿತು.

ಕಾಗೆ ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯೇ ಹಣ್ಣನ್ನು ಕೆಡವಿತೆಂದು ಜನ ತಿಳಿಯುತ್ತಾರೆ. ಇದೇ ಕಾಕತಾಲೀಯ ನ್ಯಾಯ. ರೈತನು ಪ್ಲಗ್ಗನ್ನು ಬದಲಿಸಿದನು ನಿಜ. ಅದರ ಜೊತೆಗೆ ಅವನರಿಯದಂತೆ ಮತ್ತೊಂದು ಬದಲಾವಣೆಯೂ ಆಯಿತು: ಪ್ಲಗ್ಗು ಬಿಚ್ಚಿ ಹಾಕುವ ಹೊತ್ತಿನಲ್ಲಿ ನೆರಳಿನಲ್ಲಿ ಯಂತ್ರ ಆರಿತು. ಕಾದಾಗ ಸೋಲುವ ಕಾಯಿಲೋ ಕಂಡೆನ್ಸರೋ ಆರಿದೊಡನೆ ಚೇತರಿಸಿಕೊಂಡಿತು. ಗುಣವಾದದ್ದು ತಂಪಿನಿಂದ, ಕೀರ್ತಿ ಬಂದದ್ದು ಪ್ಲಗ್ಗಿಗೆ. ಎರಡು ಬದಲಾವಣೆಗಳು ಒಟ್ಟಿಗೆ ನಡೆದಲ್ಲಿ ಯಾವುದು ಕಾರಣವೆಂದು ಹೇಳಲು ಬಾರದು.

ಇದಕ್ಕೆ ಶಾಸ್ತ್ರವು ಅನ್ವಯ ಮತ್ತು ವ್ಯತಿರೇಕಗಳೆಂಬ ಸಾಧನಗಳನ್ನು ಕೊಟ್ಟಿದೆ. ಇದು ಇದ್ದರೆ ಅದು ಉಂಟು ಎಂಬುದು ಅನ್ವಯ. ಇದು ಇಲ್ಲದಿದ್ದರೆ ಅದೂ ಇಲ್ಲ ಎಂಬುದು ವ್ಯತಿರೇಕ. ಯಂತ್ರ ನಿಂತಾಗ ಏನನ್ನೂ ಮುಟ್ಟದೆ ಹದಿನೈದು ನಿಮಿಷ ಸುಮ್ಮನೆ ಆರಲು ಬಿಡಬೇಕು. ಹಳೆಯ ಪ್ಲಗ್ಗಿನಿಂದಲೇ ಮತ್ತೆ ಓಡಿದರೆ ಪ್ಲಗ್ಗು ಬದಲಿಸಿದ್ದರಿಂದಲೇ ಗುಣವಾಯಿತೆಂಬ ವಾದ ಬಿದ್ದುಹೋಗುತ್ತದೆ, ದೋಷಕ್ಕೂ ಕಾವಿಗೂ ನಂಟೆಂಬುದು ತಿಳಿಯುತ್ತದೆ. ಅನಂತರ ಒಳ್ಳೆಯದೆಂದು ಖಚಿತವಾದ ಕಂಡೆನ್ಸರನ್ನು ಮಾತ್ರ ಹಾಕಿ, ಮೊದಲಿನಷ್ಟೇ ದೂರವನ್ನು ಮೊದಲಿನಂಥ ಬಿಸಿಲಿನಲ್ಲಿಯೇ ಓಡಿಸಬೇಕು. ದೋಷ ಉಳಿದರೆ ಹಳೆಯ ಕಂಡೆನ್ಸರನ್ನು ಮರಳಿ ಹಾಕಿ ಕಾಯಿಲನ್ನು ಮಾತ್ರ ಬದಲಿಸಬೇಕು. ದೋಷ ತೊಲಗಿದರೂ ಅಲ್ಲಿಗೆ ನಿಲ್ಲಬಾರದು. ಶಂಕಿತ ಭಾಗವನ್ನು ಮತ್ತೊಮ್ಮೆ ಜೋಡಿಸಿದಾಗ ದೋಷ ಮರಳಿ ಬಂದರೆ ಮಾತ್ರ ಅನುಮಾನವು ಸಿದ್ಧಾಂತವಾಗುತ್ತದೆ. ಕಾದಾಗ ಕೆಡುವ ಭಾಗವನ್ನು ತಣ್ಣಗಿರುವಾಗ ಮೀಟರಿನಿಂದ ಅಳೆದು ನಿರ್ದೋಷಿಯೆಂದು ತೀರ್ಪು ಕೊಡುವುದು, ಜ್ವರ ಇಳಿದ ಹೊತ್ತಿನಲ್ಲಿ ಕೈಹಿಡಿದು ನೋಡಿ ರೋಗಿಗೆ ಜ್ವರವೇ ಇಲ್ಲವೆಂದಂತೆ.

ಈ ಕ್ರಮಕ್ಕೆ ಹೊತ್ತು ಹಿಡಿಯುತ್ತದೆಂಬುದು ನಿಜ. ನಿದಾನವೆಂದರೆ ರೋಗದ ಮೂಲವನ್ನು ಅರಿಯುವುದು. ಅದಕ್ಕೆ ನಿಧಾನವೂ ಬೇಕು. ನಾಲ್ಕು ಭಾಗಗಳನ್ನು ಒಮ್ಮೆಗೇ ಬದಲಿಸಿದ ಮಿಸ್ತ್ರಿಯ ಗಾಡಿಯೂ ಓಡೀತು. ಆದರೆ ಮೂರು ಒಳ್ಳೆಯ ಭಾಗಗಳು ಗುಜರಿಗೆ ಹೋದವು, ಗಿರಾಕಿಯು ನಾಲ್ಕರ ಬೆಲೆ ತೆತ್ತನು, ಮಿಸ್ತ್ರಿಯು ಏನನ್ನೂ ಕಲಿಯಲಿಲ್ಲ. ನಾಳೆ ಅದೇ ದೋಷವುಳ್ಳ ಮತ್ತೊಂದು ಗಾಡಿ ಬಂದರೆ ಅವನು ಇಂದಿನಷ್ಟೇ ಅಜ್ಞನು. ಒಂದೊಂದಾಗಿ ಪರೀಕ್ಷಿಸಿದವನಿಗೆ ಒಂದು ಭಾಗದ ಬೆಲೆಯಲ್ಲಿ ಗಾಡಿಯೂ ಸರಿಯಾಯಿತು, ಜ್ಞಾನವೂ ಲಭಿಸಿತು.

ಇಂದಿನ ಹೊಸ ಮೋಟಾರು ಸೈಕಲ್ಲುಗಳಲ್ಲಿ ಪಾಯಿಂಟುಗಳಿಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಕಿಡಿಯ ಹೊತ್ತನ್ನು ನಿರ್ಣಯಿಸುತ್ತದೆ, ಅನೇಕ ಗಾಡಿಗಳಲ್ಲಿ ದೋಷದ ಸೂಚನೆಯನ್ನೂ ತಾನೇ ಕೊಡುತ್ತದೆ. ಆದರೂ ಆ ಪೆಟ್ಟಿಗೆಯು ತೋರಿಸುವುದು ಬಹುಮಟ್ಟಿಗೆ ಲಕ್ಷಣವನ್ನೇ. ಹೊಗೆಯಿಂದ ಬೆಂಕಿಗೆ ಹೋಗುವ ದಾರಿಯನ್ನು ಅಲ್ಲಿಯೂ ಮನುಷ್ಯನ ಬುದ್ಧಿಯೇ ನಡೆಯಬೇಕು. ಗಾಡಿ ರಿಪೇರಿಯಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಯು ಒಂದು ಚಿಕ್ಕ ಪುಸ್ತಕವನ್ನಿಟ್ಟು, ಕಂಡ ಲಕ್ಷಣ, ಮಾಡಿದ ಒಂದೇ ಬದಲಾವಣೆ, ದೊರೆತ ಫಲ ಎಂಬ ಮೂರನ್ನು ಪ್ರತಿಸಲವೂ ಬರೆದಿಡುವ ಅಭ್ಯಾಸ ಮಾಡಿದರೆ, ಆ ಪುಸ್ತಕವೇ ಅವನಿಗೆ ಮುಂದಿನ ಗುರುವಾಗುತ್ತದೆ.