ಮಗುವಿನ ಜೊಲ್ಲು ಕೊರಿಯರ್ ಹಾಕುವ ಮುನ್ನ

ಹೆಂಡತಿಯ ಮೇಲೆ ಅನುಮಾನ. ಮೊಬೈಲ್‌ನಲ್ಲಿ ಜಾಹೀರಾತು. ಮಗು ಮಲಗಿದ್ದಾಗ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಕೊರಿಯರ್ ಹಾಕಿದರೆ ಡಿಎನ್‌ಎ ರಿಪೋರ್ಟ್ ಮನೆಗೇ ಬರುತ್ತದೆ. ವೀರನಹೊಸಹಳ್ಳಿ, ಹನಗೋಡು ಕಡೆಯಿಂದ ಹುಣಸೂರು ಕೋರ್ಟಿಗೆ ಬರುವವರಲ್ಲೂ ಇಂಥ ರಿಪೋರ್ಟ್ ನಂಬಿ ಕೆಟ್ಟವರನ್ನು ನೋಡುತ್ತಿದ್ದೇನೆ. ಕಾಗದ ಗೆಲ್ಲಿಸುವುದಿಲ್ಲ, ಮಗುವಿನ ಗುಟ್ಟು ಮಾತ್ರ ಪರರ ಕೈ ಸೇರುತ್ತದೆ.

ಆ ರಿಪೋರ್ಟ್ ಏಕೆ ನಿಲ್ಲುವುದಿಲ್ಲ?

ಕ್ರಮಬದ್ಧ ಮದುವೆ ಇರುವಾಗ ಹುಟ್ಟಿದ ಮಗು ಆ ಗಂಡನದೇ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಹೇಳುತ್ತದೆ. ಅದನ್ನು ಅಲ್ಲಗಳೆಯಲು, ಗರ್ಭ ನಿಂತ ಕಾಲದಲ್ಲಿ ಇಬ್ಬರೂ ಕೂಡುವ ಅವಕಾಶವೇ ಇರಲಿಲ್ಲ ಎಂದು ಗಂಡ ರುಜುವಾತು ಮಾಡಬೇಕು. ಒಂದೇ ಮನೆಯಲ್ಲಿದ್ದವರಿಗೆ ಅದು ಬಹಳ ಕಷ್ಟ. ಕಡ್ಡಿಯಲ್ಲಿದ್ದದ್ದು ಯಾರ ಜೊಲ್ಲು ಎಂಬುದಕ್ಕೂ ಸಾಕ್ಷಿ ಇರುವುದಿಲ್ಲ. ಸುಮ್ಮನೆ ಅನುಮಾನ ಬಂತೆಂದು ಮಕ್ಕಳ ಡಿಎನ್‌ಎ ಪರೀಕ್ಷೆಗೆ ಆದೇಶಿಸಬಾರದು, ಮಗುವಿಗೂ ಖಾಸಗಿತನದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಕೇಸಿನಲ್ಲೇ.

ಇಷ್ಟಿದ್ದರೂ ‘ಕೋರ್ಟಿಗೂ ನಡೆಯುತ್ತೆ, ಕೊಡಿ’ ಎಂದು ಸ್ಯಾಂಪಲ್ ತೆಗೆದು ಕಮಿಷನ್ ಎಣಿಸುವ ಏಜೆಂಟರಿದ್ದಾರೆ. ಅವರ ಬಾಯಿಮಾತು ನಂಬಬೇಡಿ.

ಹೆಚ್ಚು ಜನ ಬೀಳುವ ಗುಂಡಿ

ರಿಪೋರ್ಟ್ ಕೈಗೆ ಬಂದ ಧೈರ್ಯದಲ್ಲಿ ಗಂಡ ಜೀವನಾಂಶ ನಿಲ್ಲಿಸುತ್ತಾನೆ. ಮನೆ ಹಾಳಾಗುವುದು ಇಲ್ಲೇ. ಕೋರ್ಟ್ ಆದೇಶ ಇರುವವರೆಗೆ ಪ್ರತಿ ತಿಂಗಳೂ ಬಾಕಿ ಏರುತ್ತಲೇ ಇರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಮಿನಡಿ ವಾರಂಟ್ ಬರುತ್ತದೆ. ಬಾಕಿ ಉಳಿದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲು ಹಾಕಬಹುದು. ಜೈಲಿಗೆ ಹೋಗಿಬಂದರೂ ಸಾಲ ತೀರದು. ಹೊಗೆಸೊಪ್ಪಿನ ದುಡ್ಡು ಬಂದಾಗ ಒಟ್ಟಿಗೆ ಕಟ್ಟುತ್ತೇನೆ ಎಂಬ ಲೆಕ್ಕವೂ ಬೇಡ. ಕಷ್ಟವಿದ್ದರೆ ಮೊತ್ತ ಇಳಿಸಲು ಅದೇ ಕೋರ್ಟಿಗೆ ಅರ್ಜಿ ಹಾಕಿ. ಆದೇಶ ಬದಲಾಗುವವರೆಗೆ ಕಟ್ಟುತ್ತಿರಿ.

ಹೆಣ್ಣುಮಕ್ಕಳಿಗೆ

‘ಮೊದಲು ಡಿಎನ್‌ಎ ಮಾಡಿಸ್ಕೊಂಡು ಬಾ’ ಎಂದು ದೂರು ಕೊಡಲು ಹೋದವರನ್ನು ಠಾಣೆಯಿಂದ ವಾಪಸು ಕಳಿಸುವವರಿದ್ದಾರೆ. ಊರ ಪಂಚಾಯ್ತಿಯಲ್ಲೂ ಇದೇ ಮಾತು. ಹಾಗೆ ಹೇಳುವ ಅಧಿಕಾರ ಅವರಿಗಿಲ್ಲ. ದೂರನ್ನು ಬರವಣಿಗೆಯಲ್ಲಿ ಕೊಟ್ಟು ಹಿಂಬರಹ ಕೇಳಿ.

ಆದರೆ ಎರಡು ಕಡೆ ಎಚ್ಚರ. ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ವೈದ್ಯರ ಮೂಲಕ ತೆಗೆಯುವ ಮಾದರಿಯೇ ದೊಡ್ಡ ಸಾಕ್ಷಿ, ತಡಮಾಡದೆ ಕೊಡಿ. ಮದುವೆಯಾಗದೆ ಮೋಸಹೋದವರ ಮಗುವಿಗೂ ತಂದೆಯಿಂದ ಜೀವನಾಂಶ ಸಿಗುತ್ತದೆ. ಅಲ್ಲಿ ಕೋರ್ಟ್ ಮೂಲಕ ಮಾಡಿಸುವ ಪರೀಕ್ಷೆ ನಿಮಗೇ ಆಸರೆ. ಕೋರ್ಟೇ ಪರೀಕ್ಷೆಗೆ ಆದೇಶಿಸಿದರೆ ವಕೀಲರನ್ನು ಕೇಳದೆ ಒಲ್ಲೆ ಎನ್ನಬೇಡಿ, ನಿರಾಕರಣೆಯನ್ನೇ ನಿಮ್ಮ ವಿರುದ್ಧ ಎಣಿಸಬಹುದು.

ಈಗಾಗಲೇ ಕಳಿಸಿದ್ದರೆ

1. ಬಿಲ್ಲು, ಒಪ್ಪಿಗೆ ಪುಟ, ಇಮೇಲ್ ಎಲ್ಲವನ್ನೂ ಉಳಿಸಿಕೊಳ್ಳಿ. ಕಂಪನಿಯಲ್ಲಿ ತೆರೆದ ಖಾತೆ ಅಳಿಸುವುದು ಆಮೇಲೆ. ಮೊದಲೇ ಅಳಿಸಿದರೆ ನಿಮ್ಮ ಪುರಾವೆಯೂ ಹೋಗುತ್ತದೆ.

2. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಒಪ್ಪಿಗೆ ಹಿಂಪಡೆಯಿರಿ. ಮಾಹಿತಿ ಅಳಿಸಿ, ಉಳಿದ ಮಾದರಿ ನಾಶಮಾಡಿ ಎಂದು ಎರಡನ್ನೂ ಬೇರೆ ಬೇರೆ ಕೇಳಿ. ಖಾತೆ ಅಳಿಸಿದ ಮಾತ್ರಕ್ಕೆ ಫ್ರಿಜ್ಜಿನಲ್ಲಿರುವ ಜೊಲ್ಲು ಅಳಿಯದು. ಸಂಶೋಧನೆಗೆಂದು ಆಗಲೇ ಹಂಚಿದ್ದು ವಾಪಸು ಬರುವುದೂ ಕಷ್ಟ.

3. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಂದು ತಿಂಗಳೊಳಗೆ ಅವರು ದೂರು ಬಗೆಹರಿಸಬೇಕು. ಇಲ್ಲವಾದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕಂಪನಿ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದ ಗಡುವು ಮೀರಬೇಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ. ಅದು ಸರ್ಕಾರಕ್ಕೆ ಸೇರುತ್ತದೆ, ನಿಮಗಲ್ಲ. ಅದರ ನಿಯಮಗಳು ಬಂದದ್ದೇ 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗ ಜಾರಿಗೆ ಅಲ್ಲಿಂದ 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಡಿಎನ್‌ಎಗೆಂದೇ ತಂದ 2019ರ ಮಸೂದೆಯನ್ನು 2023ರಲ್ಲಿ ಹಿಂಪಡೆದರು. ಕಂಪನಿಗಳೂ ಶಾಶ್ವತವಲ್ಲ. ಅಮೆರಿಕದ ಡಿಎನ್‌ಎ ಪರೀಕ್ಷಾ ಕಂಪನಿ 23ಆಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ ಗ್ರಾಹಕರ ಡಿಎನ್‌ಎ ಮಾಹಿತಿಯೂ ಮಾರಾಟದ ಸ್ವತ್ತಾಯಿತು. ಪಾಸ್‌ವರ್ಡ್ ಬದಲಿಸಬಹುದು, ಡಿಎನ್‌ಎ ಬದಲಿಸಲಾಗದು. ಅದರಲ್ಲಿ ಒಡಹುಟ್ಟಿದವರ, ಹುಟ್ಟಲಿರುವ ಮಕ್ಕಳ ಪಾಲೂ ಇದೆ.

ಹಾಡಿಗಳಲ್ಲಿ ರಕ್ತ ತೆಗೆಯುವವರು

ಆದಿವಾಸಿಗಳ ಹಾಡಿಗಳಲ್ಲಿ ನಡೆಯುವ ಕುಡಗೋಲು ಕಣ ರಕ್ತಹೀನತೆಯ ಸರ್ಕಾರಿ ತಪಾಸಣೆ ಈ ಕೊರಿಯರ್ ಪರೀಕ್ಷೆಗಿಂತ ಬೇರೆ, ಅದು ಜೀವ ಉಳಿಸುತ್ತದೆ. ಅದನ್ನು ತಪ್ಪಿಸಿಕೊಳ್ಳಬೇಡಿ. ‘ಇದು ಚಿಕಿತ್ಸೆಗೋ, ಸಂಶೋಧನೆಗೋ?’ ಎಂದು ಮಾತ್ರ ಕೇಳಿ. ಸಂಶೋಧನೆಗಾದರೆ ಒಲ್ಲೆ ಎನ್ನುವ ಹಕ್ಕಿದೆ. ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ, ಸಂಶೋಧಕರ ಕಡೆಯವರಲ್ಲದ ಸಾಕ್ಷಿ ಪಕ್ಕದಲ್ಲಿರಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ. ಅವಸರ ಮಾಡಿದರೆ ಹೆಬ್ಬೆಟ್ಟು ಕೊಡಬೇಡಿ.

ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಹುಣಸೂರು ಕೋರ್ಟಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬನ್ನಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಈ ನೆರವಿನ ಅರ್ಜಿಗೆ ಬಾಗಿಲಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ನೇರ ಒಳಗೆ ಹೋಗಿ ಸಮಿತಿಗೆ ಅವರ ಹೆಸರು ಹೇಳಿ.